ಒಂದೂವರೆ ಪಟ್ಟು

ನನ್ನ ಎತ್ತರಕ್ಕೆ ಈ ಊರಲ್ಲಿ ಲಂಗ ಸಿಗುವುದಿಲ್ಲ.
ದಾದರಿನಲ್ಲಿ ಕೇಳಿದೆ, ಹಿಂದಮಾತಾದಲ್ಲಿ ಕೇಳಿದೆ.
'ಮ್ಯಾಕ್ಸಿ ಮೇಡಂ, ಪಾದ ಮುಟ್ಟುತ್ತೆ' ಎಂದು ತೋರಿಸಿದ್ದೆಲ್ಲ
ಮೀನಖಂಡದಲ್ಲೇ ನಿಂತವು,
ಚೌಪಾಟಿಗೆ ಬಂದೂ ನೀರಿಗಿಳಿಯದ ನೆಂಟರ ಹಾಗೆ.

ಐದಡಿ ಹನ್ನೊಂದಂಗುಲ ನಾನು.
ಲೋಕಲ್ಲಿನ ಹಿಡಿಕೆ ನನ್ನ ಹಣೆಗೇ ಬಡಿಯುವುದು,
ಘಾಟ್ಕೋಪರ್ ಬರುವುದರೊಳಗೆ ಎರಡು ಸಲ.

ಹಾಗಾಗಿ ಶನಿವಾರ ಸಂಜೆ
ಕೆಳಮನೆಯ ಎಫಿಜೀನಿಯಾಳ ಕೈಮಿಷನ್ನು ಹೊತ್ತು ತಂದೆ,
ಸೋಮವಾರ ಬೆಳಿಗ್ಗೆ ಎಣ್ಣೆ ಬಿಟ್ಟು ಮರಳಿಸುವ ಕರಾರಿನ ಮೇಲೆ.
ನೀಲಿ ಹತ್ತಿ, ಎರಡೂವರೆ ಮೀಟರು,
ಎಳ್ಳು ಚೆಲ್ಲಿದಂತೆ ಬಿಳಿ ಚುಕ್ಕೆ.

ಲೆಕ್ಕ ಸುಲಭ.
ಮೇಲಿನ ಪಟ್ಟಿ ನಲವತ್ತಂಗುಲ,
ಕೆಳಗಿನದು ಅದರ ಒಂದೂವರೆ ಪಟ್ಟು, ಅರವತ್ತು,
ಅದರ ಕೆಳಗೆ ತೊಂಬತ್ತು,
ಕಟ್ಟಕಡೆಗೆ ನೂರಾ ಮೂವತ್ತೈದು.
ಚಾಳಿನ ಮೂರನೇ ಮಾಳಿಗೆಯಿಂದ ಹೊರಟ ಸುದ್ದಿ
ನಳದ ಹತ್ತಿರ ಬರುವಾಗ ಹಿಗ್ಗುತ್ತಿದ್ದುದೂ ಹೀಗೇ.

ಎರಡು ಸಾಲು ಸಡಿಲ ಹೊಲಿಗೆ ಹಾಕಿ
ಅಡಿದಾರ ಹಿಡಿದು ಮೆಲ್ಲಗೆ ಎಳೆಯಬೇಕು.
ಒಂದೂವರೆ ಹೋಗಿ ಒಂದರೊಳಗೆ ಕೂರಬೇಕು,
ಮೂವರ ಸೀಟಿನಲ್ಲಿ ನಾಲ್ಕನೆಯವಳು ಕೂತ ಹಾಗೆ,
ಯಾರ ಮೊಣಕೈಯೂ ಯಾರಿಗೂ ತಾಗದೆ.
ನಾನು ಜೋರಾಗಿ ಎಳೆದೆ. ದಾರ ಕಡಿಯಿತು.
ಮತ್ತೆ ಹೊಲಿದೆ, ಮತ್ತೆ ಕಡಿಯಿತು.
ರಾತ್ರಿ ಹನ್ನೊಂದಕ್ಕೆ ಮಿಷನ್ನಿಗೆ ಮರಾಠಿಯಲ್ಲಿ ಬೈದೆ,
ನನಗೆ ಬರುವ ಕನ್ನಡದ ಬೈಗುಳೆಲ್ಲ ಅವ್ವನವು,
ಅವುಗಳಲ್ಲಿ ಸಿಟ್ಟಿಲ್ಲ.

ಅವ್ವನಿಗೆ ಈ ಲಂಗ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ.
ಪರೇಲಿನ ಖೋಲಿಯಲ್ಲಿ ನನಗೆ ಒಂದೇ ಪರಕಾರ,
ವರ್ಷಕ್ಕೊಂದು ಪಟ್ಟಿ.
ಗಿರಣಿ ಅಂಗಡಿಯಲ್ಲಿ ತೂಕಕ್ಕೆ ಮಾರುವ ತುಂಡುಬಟ್ಟೆ,
ಅಪ್ಪ ಸಾಂಚಾ ಖಾತೆಯಿಂದ ಬರುವಾಗ ಬಗಲಲ್ಲಿ.
ಮೂರನೇ ಇಯತ್ತೆಗೆ ಹಳದಿ,
ನಾಲ್ಕಕ್ಕೆ ಗೆರೆಗೆರೆಯದು,
ಐದಕ್ಕೆ ಯಾರದೋ ಕಿಟಕಿಯ ಪರದೆಯಾಗಬೇಕಿದ್ದ ಗುಲಾಬಿ.
'ಬೆಳಿ, ಬೆಳಿ,' ಅನ್ನುವಳು ಹಲ್ಲಲ್ಲಿ ದಾರ ಕಡಿಯುತ್ತ,
'ಪಟ್ಟಿ ಅದಾವ.'
ಶಾಲೆಯ ಹುಡುಗಿಯರು ನನ್ನ ವಯಸ್ಸು ಕೇಳುತ್ತಿರಲಿಲ್ಲ,
ಎಣಿಸುತ್ತಿದ್ದರು.

ಗಿರಣಿ ನಿಂತ ವರ್ಷ ಪಟ್ಟಿ ಬರಲಿಲ್ಲ.
'ಈ ವರ್ಷ ನೀನೂ ಬೆಳದಿಲ್ಲ ಬಿಡು' ಅಂದಳು ಅವ್ವ.
ಬೆಳೆದಿದ್ದೆ.
ಮೊಣಕಾಲು ತುಸು ಮಡಚಿ ನಡೆಯುವುದು ಕಲಿತೆ.

ಮೊದಲ ಒಗೆತಕ್ಕೇ ಬಟ್ಟೆ ಕುಗ್ಗಿತ್ತು,
ನಾನು ಮತ್ತೆ ಅಳೆದಿರಲಿಲ್ಲ.
ಕೊನೆಯ ಪಟ್ಟಿಗೆ ಮೂರು ಗೇಣು ಸಾಲದು.
ಭಾನುವಾರ, ಮಂಗಳದಾಸ್ ಮಾರ್ಕೆಟ್ಟಿಗೆ ರಜೆ.
ಕಪಾಟಿನಲ್ಲಿ ಸಿಕ್ಕಿದ್ದು ಒಂದು ದಿಂಬಿನ ಗವಸು,
ಕಂದು, ನೀಲಿಯ ಗುರುತು ಪರಿಚಯ ಇಲ್ಲದ್ದು.
ಹಿಂದೆ, ಎಡಕ್ಕೆ ಸೇರಿಸಿದೆ,
ನನ್ನ ಕಣ್ಣಿಗೆ ಬೀಳದ ಕಡೆ.
ಉಳಿದ ಚೂರಿನಲ್ಲಿ ಜೇಬು ಮಾಡಿದೆ, ರೈಲಿನ ಪಾಸಿಗೆ.

ಸೋಮವಾರ, ಎಂಟು ಹದಿನೇಳರ ಸ್ಲೋ.
ಲಂಗ ಪಾದ ಮುಟ್ಟುತ್ತಿದೆ,
ನಡೆದರೆ ಒಂದು ಹೆಜ್ಜೆ ತಡವಾಗಿ ನಿಲ್ಲುತ್ತದೆ.
ಕುರ್ಲಾದಲ್ಲಿ ನುಗ್ಗಿದ ಗುಂಪಿನಲ್ಲಿ
ಯಾರದೋ ಹಿಮ್ಮಡಿ ಅದರ ಮೇಲೆ.
ಟರ್ರ್ ಅಂತ ನಾನೇ ಹಾಕಿದ ಹೊಲಿಗೆ
ಒಂದು ಗೇಣು ಬಾಯಿಬಿಟ್ಟಿತು.

ಕ್ಲಿಪ್ಪು ಪಿನ್ನು ಮಾರುವ ಹೆಂಗಸು
ಕೇಳದೆಯೇ ಬಗ್ಗಿ ಎರಡು ಪಿನ್ನು ಚುಚ್ಚಿದಳು.
'ಸ್ವತಃ ಹೊಲಿದದ್ದಾ?' ಅಂದಳು.
ದಾರ ನೋಡಿದರೆ ಗೊತ್ತಾಗುತ್ತದಂತೆ.
ಕಂದು ತುಂಡನ್ನು ಬೆರಳಲ್ಲಿ ಎತ್ತಿ ಹಿಡಿದು
'ಇದು ಬೇಕಂತಲೇ ಇಟ್ಟದ್ದಾ?' ಅಂದಳು.

ಹೌದು ಅಂದೆ,
ನೆಟ್ಟಗೆ ನಿಂತೆ.
ಹಿಡಿಕೆ ಹಣೆಗೆ ಬಡಿಯಿತು.
ನನ್ನ ಹತ್ತಿರ ಚಿಲ್ಲರೆ ಇರಲಿಲ್ಲ,
ನಾಳೆ ಕೊಡು ಅಂದು ಮುಂದೆ ಹೋದಳು.